ಇಂಗ್ಲಿಷ್ ಓದಿದವರ ಕನ್ನಡ

ಮೈಸೂರಿನ ಹೈಸ್ಕೂಲೊಂದರ ಹೆಡ್‌ಮಾಸ್ತರರ ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. ನಪಾಸಾದ ವಿಷಯ ಇಂಗ್ಲಿಷ್. ಒಂದು ವರ್ಷ ಮನೆಯಲ್ಲೇ ಉಳಿದು, ತಂದೆಯ ಶಾಲೆಯ ಗ್ರಂಥಾಲಯಕ್ಕೆ ಬರುತ್ತಿದ್ದ ಇಂಗ್ಲಿಷ್ ಪುಸ್ತಕ, ಪತ್ರಿಕೆಗಳನ್ನೆಲ್ಲ ಓದಿದ. ಮತ್ತೆ ಪರೀಕ್ಷೆಗೆ ಕಟ್ಟಿ ಪಾಸಾಗಿ, ಮಹಾರಾಜಾ ಕಾಲೇಜು ಸೇರಿ, 1930ರಲ್ಲಿ ಬಿ.ಎ. ಪದವಿ ಪಡೆದ. ಮುಂದೆ ಸಾಹಿತ್ಯದಲ್ಲಿ ಎಂ.ಎ. ಮಾಡುವ ಯೋಚನೆಯಿತ್ತು. ಹಾಗೆ ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋದೀತು ಎಂದು ಗೆಳೆಯನೊಬ್ಬ ಎಚ್ಚರಿಸಿದ. ತರುಣ ಆ ಯೋಚನೆ ಬಿಟ್ಟ. 1935ರಲ್ಲಿ ಅವನ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಆರ್.ಕೆ. ನಾರಾಯಣ್ ಎಂಬ ಹೆಸರು ಲೋಕಕ್ಕೆ ಗೊತ್ತಾದದ್ದು ಹೀಗೆ.

ಅದೇ ಕಾಲಕ್ಕೆ, ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಮತ್ತು ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದಿದವರು ಏನು ಮಾಡುತ್ತಿದ್ದರು? ಅವರಲ್ಲಿ ಹಲವರು ಕನ್ನಡದಲ್ಲಿ ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ನಪಾಸಾದವರು ಇಂಗ್ಲಿಷಿನ ಕಾದಂಬರಿಕಾರರಾದರು. ಇಂಗ್ಲಿಷಿನಲ್ಲಿ ಪದವಿ ಪಡೆದವರು ಹೊಸಗನ್ನಡದ ಕವಿಗಳು, ವಿಮರ್ಶಕರು, ನಾಟಕಕಾರರಾದರು. ಮೈಸೂರಿನಂಥ ಒಂದು ಸಣ್ಣ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಇದಕ್ಕಿಂತ ವಿಚಿತ್ರವಾದ, ಇದಕ್ಕಿಂತ ಅರ್ಥಪೂರ್ಣವಾದ ಸಂಗತಿ ಇನ್ನೊಂದಿಲ್ಲ. ಇದು ಆಕಸ್ಮಿಕವೇ? ಅಥವಾ ಆ ಪದವಿಯ ಸ್ವರೂಪದಲ್ಲಿಯೇ, ಆ ಪುಟ್ಟ ವಿದ್ಯಾಕೇಂದ್ರದ ಸ್ವಭಾವದಲ್ಲಿಯೇ ಇದಕ್ಕೆ ಕಾರಣ ಇತ್ತೇ?

ಪದವಿ ಹುಟ್ಟಿದ್ದೆಲ್ಲಿ?

ಇಂಗ್ಲಿಷ್ ಸಾಹಿತ್ಯವನ್ನು ಕಾಲೇಜಿನಲ್ಲಿ ಕುಳಿತು ಓದುವುದು, ಅದರಲ್ಲಿ ಪರೀಕ್ಷೆ ಬರೆಯುವುದು, ಪದವಿ ಪಡೆಯುವುದು ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಹಾಗಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವಿದ್ಯೆ ಎಂದರೆ ಮುಖ್ಯವಾಗಿ ಗ್ರೀಕ್, ಲ್ಯಾಟಿನ್, ಗಣಿತ, ಧರ್ಮಶಾಸ್ತ್ರ. ಮನೆಯಲ್ಲಿ ಆಡುವ ಭಾಷೆಯ ಕಥೆ, ಕವನಗಳನ್ನು ಬಿಡುವಿನಲ್ಲಿ ಓದಿಕೊಳ್ಳಬಹುದು. ಅದಕ್ಕೆ ಪ್ರಾಧ್ಯಾಪಕರೇಕೆ, ಪರೀಕ್ಷೆಯೇಕೆ ಎಂಬುದು ಅಲ್ಲಿಯ ವಿದ್ವಾಂಸರ ಧೋರಣೆ. ಲಂಡನ್ನಿನ ಹೊಸ ಕಾಲೇಜುಗಳು 1820ರ ದಶಕದ ಕೊನೆಗೆ ಇಂಗ್ಲಿಷಿಗೆ ಪೀಠ ಕೊಟ್ಟರೂ ಆಕ್ಸ್‌ಫರ್ಡ್ ಒಪ್ಪಿದ್ದು 1894ರಲ್ಲಿ. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸ್ವತಂತ್ರ ಪದವಿ ವಿಷಯವಾಗಿ ನೆಲೆಗೊಂಡದ್ದು 1917ರ ಸುಧಾರಣೆಯ ನಂತರ.

ಭಾರತದ ಕಥೆ ಇದಕ್ಕಿಂತ ಹಳೆಯದು. 1817ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಬಂಗಾಳಿ ಹುಡುಗರು ಶೇಕ್ಸ್‌ಪಿಯರ್ ನಾಟಕಗಳನ್ನು ಬಾಯಿಪಾಠ ಮಾಡುತ್ತಿದ್ದಾಗ ಆಕ್ಸ್‌ಫರ್ಡಿನಲ್ಲಿ ಆ ನಾಟಕಗಳಿಗೆ ತರಗತಿ ಇರಲಿಲ್ಲ. 1835ರಲ್ಲಿ ಮೆಕಾಲೆಯ ಟಿಪ್ಪಣಿಯ ಬೆನ್ನಿಗೇ ಕಂಪನಿ ಸರ್ಕಾರ ತನ್ನ ಶಿಕ್ಷಣದ ಹಣವನ್ನು ಇಂಗ್ಲಿಷ್ ವಿದ್ಯೆಗೆ ತಿರುಗಿಸಿತು. 1844ರಲ್ಲಿ ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂಬ ನಿರ್ಣಯ ಬಂತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳ ಪರೀಕ್ಷೆಗಳಲ್ಲಿ ಇಂಗ್ಲಿಷ್ ಅನಿವಾರ್ಯ ವಿಷಯವಾಗಿತ್ತು.

ಹೀಗೇಕಾಯಿತು ಎಂಬುದನ್ನು ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟವಾದ ತಮ್ಮ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಗ್ರಂಥದಲ್ಲಿ ವಿವರವಾಗಿ ಶೋಧಿಸಿದ್ದಾರೆ. ಧರ್ಮದ ವಿಷಯದಲ್ಲಿ ಕೈಹಾಕಿದರೆ ಪ್ರಜೆಗಳು ತಿರುಗಿಬಿದ್ದಾರು ಎಂಬ ಅಂಜಿಕೆ ಕಂಪನಿ ಸರ್ಕಾರಕ್ಕಿತ್ತು. ಬೈಬಲನ್ನು ಶಾಲೆಗೆ ತರುವಂತಿರಲಿಲ್ಲ. ಆದರೆ ಆಳುವವರ ನೀತಿ, ಅಭಿರುಚಿ, ಹಿರಿಮೆಗಳನ್ನು ಆಳಿಸಿಕೊಳ್ಳುವವರ ಮನಸ್ಸಿಗೆ ಮುಟ್ಟಿಸಬೇಕು. ಆ ಕೆಲಸಕ್ಕೆ ಕಾವ್ಯ, ನಾಟಕ, ಪ್ರಬಂಧಗಳು ಒದಗಿದವು. ಇಂಗ್ಲಿಷ್ ಸಾಹಿತ್ಯ ಒಂದು ಅಧ್ಯಯನ ವಿಷಯವಾಗಿ ರೂಪು ಪಡೆದದ್ದರಲ್ಲಿ ಇಂಗ್ಲೆಂಡಿಗಿಂತ ಭಾರತದ ಪಾಲೇ ಮೊದಲಿನದು ಎಂಬುದು ಅವರ ವಾದದ ತಿರುಳು.

ಪಾಠ ಹೇಳಿಸಿದವರ ಉದ್ದೇಶ ಅದು. ಪಾಠ ಕೇಳಿದವರು ಅದನ್ನು ಏನು ಮಾಡಿಕೊಂಡರು ಎಂಬುದು ಬೇರೆಯೇ ಕಥೆ. ಆ ಕಥೆಯ ಒಂದು ಅಧ್ಯಾಯ ಮೈಸೂರಿನಲ್ಲಿ ನಡೆಯಿತು.

ಎರಡು ಕಾಲೇಜುಗಳ ವಿಶ್ವವಿದ್ಯಾನಿಲಯ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1833ರಲ್ಲಿ, ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ಪ್ರಾರಂಭವಾಯಿತು. ಮುಂದೆ ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಇತ್ತು. ಆದರೆ ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಏನು ಓದಬೇಕು ಎಂಬುದನ್ನು ಮದ್ರಾಸು ನಿರ್ಧರಿಸುತ್ತಿತ್ತು, ಪ್ರಶ್ನೆಪತ್ರಿಕೆ ಅಲ್ಲಿಂದ ಬರುತ್ತಿತ್ತು, ಪದವಿಯೂ ಅಲ್ಲಿಂದಲೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಇಂಗ್ಲಿಷ್ ಎಂ.ಎ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದದ್ದು ಮದ್ರಾಸಿನಿಂದ. ಪದವಿ ಪಡೆದು ಅವರು ಮೈಸೂರು ಸರ್ಕಾರದ ನೌಕರಿಗೆ ಸೇರಿದರು. ಬರೆದದ್ದು ಕನ್ನಡ ಸಣ್ಣಕಥೆಗಳನ್ನು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ದೇಶೀ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು. ದಿವಾನ್ ವಿಶ್ವೇಶ್ವರಯ್ಯನವರ ಒತ್ತಾಸೆ ಅದರ ಹಿಂದಿತ್ತು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಹಿಂದಿನ ವರ್ಷ, 1915ರಲ್ಲಿ, ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಮೊದಲ ಅಧ್ಯಕ್ಷರು ಅವರೇ. ಇಂಗ್ಲಿಷ್ ವಿದ್ಯೆಯ ಸಂಸ್ಥೆಗೂ ಕನ್ನಡದ ಸಂಸ್ಥೆಗೂ ಒಬ್ಬರೇ ಯಜಮಾನರಾಗಿದ್ದುದು ಆ ಕಾಲದ ಮೈಸೂರಿನ ಮನೋಧರ್ಮವನ್ನು ಹೇಳುತ್ತದೆ.

ಆದರೂ ಒಂದು ದೊಡ್ಡ ತೀರ್ಮಾನದಲ್ಲಿ ಮೈಸೂರು ಹಳೆಯ ದಾರಿಯನ್ನೇ ಹಿಡಿಯಿತು. ಎರಡು ವರ್ಷಗಳ ನಂತರ, 1918ರಲ್ಲಿ, ನಿಜಾಮರ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನು ಬೋಧನಾ ಮಾಧ್ಯಮವಾಗಿ ಆರಿಸಿಕೊಂಡಿತು. ಮೈಸೂರು ಇಂಗ್ಲಿಷನ್ನೇ ಉಳಿಸಿಕೊಂಡಿತು. ಚರಿತ್ರೆ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿಯೇ. ಕನ್ನಡ ಎಂ.ಎ. ತರಗತಿ ಪ್ರಾರಂಭವಾಗಲು 1927ರವರೆಗೆ ಕಾಯಬೇಕಾಯಿತು. ಕನ್ನಡನಾಡಿನ ವಿಶ್ವವಿದ್ಯಾನಿಲಯದಲ್ಲಿ ಹನ್ನೊಂದು ವರ್ಷ ಕಾಲ ಇಂಗ್ಲಿಷಿಗಿದ್ದ ಮರ್ಯಾದೆ ಕನ್ನಡಕ್ಕಿರಲಿಲ್ಲ. ಇಂಗ್ಲಿಷ್ ಹೇಳುವವರು ಪ್ರೊಫೆಸರು, ಕನ್ನಡ ಹೇಳುವವರು ಪಂಡಿತರು; ಇಬ್ಬರ ಸಂಬಳದಲ್ಲೂ ಸ್ಥಾನದಲ್ಲೂ ಅಂತರವಿತ್ತು.

ಆದರೆ ಸಣ್ಣದಾಗಿರುವುದರ ಲಾಭವೂ ಒಂದುಂಟು. ಎರಡೇ ಮುಖ್ಯ ಕಾಲೇಜುಗಳು. ಕಲೆಯ ವಿಷಯಗಳು ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ. ಮಹಾರಾಜಾ ಕಾಲೇಜಿನ ಒಂದೇ ಪಡಸಾಲೆಯಲ್ಲಿ ಸಂಸ್ಕೃತದ ಎಂ. ಹಿರಿಯಣ್ಣ, ತತ್ತ್ವಶಾಸ್ತ್ರದ ಎ.ಆರ್. ವಾಡಿಯಾ, ಇಂಗ್ಲಿಷಿನ ಜೆ.ಸಿ. ರಾಲೊ, ಕನ್ನಡದ ಟಿ.ಎಸ್. ವೆಂಕಣ್ಣಯ್ಯ ಎದುರುಬದುರಾಗಬಹುದಿತ್ತು. 1918ರಿಂದ 1921ರವರೆಗೆ ಸರ್ವಪಲ್ಲಿ ರಾಧಾಕೃಷ್ಣನ್ ಅಲ್ಲಿಯೇ ಅಧ್ಯಾಪಕರಾಗಿದ್ದರು. ಅವರು ಹೊರಟ ವರ್ಷವೇ ಬಹುಶ್ರುತ ವಿದ್ವಾಂಸ ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದರು. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಇಲಾಖೆಗೂ ಇಲಾಖೆಗೂ ನಡುವೆ ಏಳುವ ಗೋಡೆಗೆ ಇಲ್ಲಿ ಜಾಗವೇ ಇರಲಿಲ್ಲ. ಶೇಕ್ಸ್‌ಪಿಯರ್ ಪಾಠ ಕೇಳಿ ಹೊರಬಂದ ಹುಡುಗ ಮುಂದಿನ ಗಂಟೆಗೆ ಪಂಪನ ಪಾಠಕ್ಕೋ ಉಪನಿಷತ್ತಿನ ಚರ್ಚೆಗೋ ಕಿವಿಗೊಡಬಹುದಾಗಿತ್ತು.

ಪಠ್ಯಪುಸ್ತಕದಿಂದ ಹೊಸ ಕಾವ್ಯಕ್ಕೆ

ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದ್ದು 1909ರಲ್ಲಿ. ಎರಡು ವರ್ಷದ ನಂತರ, 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ಭಾಷಣದ ವಿಷಯ 'ಕನ್ನಡ ಮಾತು ತಲೆಯೆತ್ತುವ ಬಗೆ'. ವಯಸ್ಸು ಇಪ್ಪತ್ತೇಳು. ಇಂಗ್ಲಿಷ್ ಮೇಷ್ಟರೊಬ್ಬರು ಮೈಸೂರಿನಿಂದ ಧಾರವಾಡಕ್ಕೆ ಹೋಗಿ ಕನ್ನಡದ ಏಳಿಗೆಯ ಮಾತಾಡಿದ್ದು ಅಂದಿನ ಹರಿದುಹಂಚಿದ ಕನ್ನಡನಾಡಿನಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಅವರು ತರಗತಿಯಲ್ಲಿ ಪಾಠ ಹೇಳಬೇಕಾಗಿದ್ದ ಪುಸ್ತಕಗಳಲ್ಲಿ ಪಾಲ್‌ಗ್ರೇವ್ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ' ಒಂದು. 1861ರಲ್ಲಿ ಮೊದಲು ಪ್ರಕಟವಾದ ಈ ಭಾವಗೀತೆಗಳ ಸಂಕಲನ ಸಾಮ್ರಾಜ್ಯದ ಉದ್ದಗಲಕ್ಕೂ ಪಠ್ಯವಾಗಿತ್ತು. ಲಕ್ಷಾಂತರ ವಿದ್ಯಾರ್ಥಿಗಳು ಅದನ್ನು ಓದಿದರು, ಸಾರಾಂಶ ಬರೆದರು, ಸಂದರ್ಭ ವಿವರಿಸಿದರು, ಅಂಕ ಪಡೆದು ಮರೆತರು. ಶ್ರೀಕಂಠಯ್ಯನವರಿಗೆ ಮಾತ್ರ ಅದು ಒಂದು ಪ್ರಶ್ನೆಯಾಗಿ ಕಾಡಿತು. ಇಂಥ ಕವಿತೆಗಳು ಕನ್ನಡದಲ್ಲಿ ಹೇಗಿರಬೇಕು? ಪ್ರೀತಿ, ಸಾವು, ಹಳ್ಳಿಯ ಹುಡುಗಿ, ಸೋತ ಸೈನಿಕ ಇವರ ಮಾತನ್ನು ಕಂದ, ವೃತ್ತ, ಷಟ್ಪದಿಗಳಲ್ಲಿ ಹಿಡಿಯುವುದು ಹೇಗೆ?

ಉತ್ತರಕ್ಕಾಗಿ ಅವರು ಛಂದಸ್ಸಿನ ಬುಡಕ್ಕೆ ಹೋದರು. ಕನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟು ಶತಮಾನಗಳಿಂದ ನಡೆದುಬಂದಿತ್ತು. ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು 1911ರಲ್ಲಿಯೇ ಬಿಟ್ಟಿದ್ದರು. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' 1919ರಲ್ಲಿ ಬಂದಿತ್ತು. ಕರಾವಳಿಯಲ್ಲಿ ಎದ್ದ ಈ ಅಲೆ ಮೈಸೂರಿನಲ್ಲಿ ಶ್ರೀಕಂಠಯ್ಯನವರ ಕೈಯಲ್ಲಿ ಒಂದು ವ್ಯವಸ್ಥೆಯಾಯಿತು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬೇಕಾದ ಹಾಗೆ ಜೋಡಿಸಿ, ಸಾಲುಗಳನ್ನು ಉದ್ದವೋ ಗಿಡ್ಡವೋ ಮಾಡಿ, ಕೊನೆಯಲ್ಲಿ ಪ್ರಾಸವಿಟ್ಟು ಅಥವಾ ಬಿಟ್ಟು, ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ಹಾಡಬಹುದೆಂದು ಅವರು ತೋರಿಸಿಕೊಟ್ಟರು. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬರುವ ಹೊತ್ತಿಗೆ ಅವರ ಶಿಷ್ಯರ ನಾಲಗೆಯ ಮೇಲೆ ಆ ಪದ್ಯಗಳಲ್ಲಿ ಹಲವು ಆಗಲೇ ನಲಿಯುತ್ತಿದ್ದವು.

ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಮುಂದಿನ ಮೂವತ್ತು ವರ್ಷಗಳ ಕನ್ನಡ ಭಾವಗೀತೆ ನಡೆದದ್ದು ಬಹುಮಟ್ಟಿಗೆ ಆ ಲಯಗಳ ಮೇಲೆ. ಶ್ರೀಕಂಠಯ್ಯನವರು ಅಲ್ಲಿಗೂ ನಿಲ್ಲಲಿಲ್ಲ. ಗ್ರೀಕ್ ದುರಂತ ನಾಟಕದ ಅಚ್ಚಿನಲ್ಲಿ ರನ್ನನ ಕಾವ್ಯವನ್ನು ಎರಕಹೊಯ್ದು 'ಗದಾಯುದ್ಧ ನಾಟಕ' ಮಾಡಿದರು. ಸೊಫೊಕ್ಲಿಸನ ಅಜಾಕ್ಸನನ್ನು ಮಹಾಭಾರತದ ಅಶ್ವತ್ಥಾಮನನ್ನಾಗಿಸಿದರು. ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಆಳುವವರ ಹಿರಿಮೆ ಸಾರಲು ಬಂದ ಪಠ್ಯಕ್ರಮ ಆಳಿಸಿಕೊಂಡವರ ಭಾಷೆಯ ಬಡತನ ನೀಗಲು ಬಳಕೆಯಾಯಿತು. ಮೆಕಾಲೆ ಇದನ್ನು ನಿರೀಕ್ಷಿಸಿರಲಾರ.

ತರಗತಿಯ ಒಳಗೆ

ಇಂಗ್ಲಿಷ್ ಪದವಿಗೆ ಓದುವುದೆಂದರೆ ಆ ದಿನಗಳಲ್ಲಿ ಏನು? ಇಂಟರ್‌ಮೀಡಿಯೆಟ್ ಮುಗಿಸಿದವನಿಗೆ ಎರಡು ದಾರಿ. ಸಾಧಾರಣ ಬಿ.ಎ. ಒಂದು; ಒಂದೇ ವಿಷಯವನ್ನು ಆಳವಾಗಿ ಓದುವ ಮೂರು ವರ್ಷದ ಆನರ್ಸ್ ಇನ್ನೊಂದು. ಆನರ್ಸ್ ಮುಗಿಸಿದವರು ಮುಂದೆ ಎಂ.ಎ. ಪರೀಕ್ಷೆಗೆ ಕಟ್ಟುತ್ತಿದ್ದರು. ಇಂಗ್ಲಿಷ್ ಆನರ್ಸ್ ತರಗತಿಯಲ್ಲಿ ಹುಡುಗರ ಸಂಖ್ಯೆ ಸಣ್ಣದು. ಚಾಸರನಿಂದ ತೊಡಗಿ ಶೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್, ಕೀಟ್ಸರನ್ನು ಹಾದು ವಿಕ್ಟೋರಿಯಾ ಕಾಲದ ಕವಿಗಳವರೆಗೆ ಪಯಣ. ಮೇಷ್ಟರು ಸಾಲುಸಾಲಾಗಿ ಓದಿ ಅರ್ಥ ಹೇಳುವರು; ವಿದ್ಯಾರ್ಥಿಗಳು ನೋಟ್ಸ್ ಬರೆದುಕೊಳ್ಳುವರು. ಕೊನೆಯಲ್ಲಿ ಮೂರು ಮೂರು ಗಂಟೆಗಳ ಪರೀಕ್ಷೆ.

ಓದುವವರು ಡ್ಯಾಫೊಡಿಲ್ ಹೂವನ್ನು ಕಂಡವರಲ್ಲ. ಹಿಮ ಬೀಳುವುದನ್ನು ನೋಡಿದವರಲ್ಲ. ತೀರ್ಥಹಳ್ಳಿಯ ಕಾಡಿನಿಂದ, ತುಮಕೂರು, ಹಾಸನಗಳ ಬಯಲಿನಿಂದ ಬಂದವರು ಅನೇಕರು. ಕೆಲವರಿಗೆ ವಾರಾನ್ನದ ಊಟ, ಕೆಲವರಿಗೆ ಜಾತಿಯವರು ನಡೆಸುತ್ತಿದ್ದ ಉಚಿತ ವಿದ್ಯಾರ್ಥಿನಿಲಯ. ಪುಸ್ತಕದ ಭಾಷೆ ಒಂದು, ಬೀದಿಯ ಭಾಷೆ ಒಂದು, ಮನೆಯ ಭಾಷೆ ಕೆಲವೊಮ್ಮೆ ಮತ್ತೊಂದು. ಇವುಗಳ ನಡುವೆ ಓಡಾಡುವುದೇ ಒಂದು ಶಿಕ್ಷಣವಾಗಿತ್ತು.

ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಪುಟ್ಟಪ್ಪ ಎಂಬ ಹುಡುಗ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಎಂಬ ಕಿರುಹೊತ್ತಗೆ 1922ರಲ್ಲಿ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ನೋಡಿ, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂದು ಕೇಳಿದರು. ಇಂಗ್ಲಿಷರ ಆಳ್ವಿಕೆಯಲ್ಲಿ ತನ್ನ ಭಾಷೆ ಕಳೆದುಕೊಂಡ ದೇಶದಿಂದ ಬಂದ ಕವಿಯ ಪ್ರಶ್ನೆ ಅದು. ಹೊಸ ಬಗೆಯ ಕವಿತೆಗೆ ಕನ್ನಡದಲ್ಲಿ ದಾರಿ ಇಲ್ಲವೆಂದು ತಿಳಿದಿದ್ದ ತರುಣನಿಗೆ ಬಿಎಂಶ್ರೀ ತೋರಿಸುತ್ತಿದ್ದ ದಾರಿ ಬೇಗನೆ ಕಣ್ಣಿಗೆ ಬಿತ್ತು. 1927ರಲ್ಲಿ ಬಿ.ಎ. ಮುಗಿಸಿ, ಆಗತಾನೆ ತೆರೆದ ಕನ್ನಡ ಎಂ.ಎ. ತರಗತಿಗೆ ಅವರು ಸೇರಿದರು. ಇಂಗ್ಲಿಷ್ ಓದು ಅವರನ್ನು ಬಿಟ್ಟುಹೋಗಲಿಲ್ಲ: ಬ್ರೌನಿಂಗನ ಕಥನಕವನ 'ಕಿಂದರಿಜೋಗಿ'ಯಾಯಿತು, 'ಟೆಂಪೆಸ್ಟ್' 'ಬಿರುಗಾಳಿ'ಯಾಯಿತು, 'ಹ್ಯಾಮ್ಲೆಟ್' ಬಿದನೂರಿನ ನೆಲದಲ್ಲಿ 'ರಕ್ತಾಕ್ಷಿ'ಯಾಯಿತು.

ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಕಟ್ಟಿದವರ ಪಟ್ಟಿ ದೊಡ್ಡದು. ಎಸ್.ವಿ. ರಂಗಣ್ಣ ಇಂಗ್ಲಿಷ್ ಪ್ರಾಧ್ಯಾಪಕರು. ಕನ್ನಡ ವಿಮರ್ಶೆಗೆ 'ಶೈಲಿ'ಯಂಥ ಗ್ರಂಥ ಕೊಟ್ಟರು. ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಲಲಿತಪ್ರಬಂಧದ ಹದವನ್ನು 'ಹಗಲುಗನಸುಗಳು' ಸಂಕಲನದಲ್ಲಿ ಕನ್ನಡಕ್ಕೆ ಇಳಿಸಿದರು. ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮಾಡಿ, ಕೊನೆಗೆ 'ಭಾರತೀಯ ಕಾವ್ಯಮೀಮಾಂಸೆ' ಬರೆದರು. ಅರಿಸ್ಟಾಟಲನನ್ನು ಓದಿದವರಿಗೆ ಆನಂದವರ್ಧನನನ್ನು ಹೊಸ ಕಣ್ಣಿನಿಂದ ನೋಡಬೇಕೆನಿಸಿತು. ಎರಡನ್ನೂ ಬಲ್ಲವರು ಒಂದೇ ಊರಿನಲ್ಲಿದ್ದರು.

ಕೇಂಬ್ರಿಜ್‌ನಿಂದ ಬಂದ ಗಾಳಿ

ಸ್ವಾತಂತ್ರ್ಯದ ನಂತರ ಮಹಾರಾಜಾ ಕಾಲೇಜಿನ ಇಂಗ್ಲಿಷ್ ವಿಭಾಗದ ಚುಕ್ಕಾಣಿ ಹಿಡಿದವರು ಸಿ.ಡಿ. ನರಸಿಂಹಯ್ಯ. ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, 1921ರಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಎಫ್.ಆರ್. ಲೀವಿಸರ ಶಿಷ್ಯರಾಗಿದ್ದರು. ಕವಿಯ ಜೀವನ ಚರಿತ್ರೆ, ಯುಗದ ಲಕ್ಷಣಗಳನ್ನು ಒಪ್ಪಿಸುವುದನ್ನು ಬಿಟ್ಟು, ಪುಟದ ಮೇಲಿರುವ ಪದಗಳನ್ನು ಎದುರಿಸಬೇಕು, ಕೃತಿಯ ಬೆಲೆ ಕಟ್ಟುವ ಧೈರ್ಯ ಬೇಕು ಎಂಬುದು ಲೀವಿಸರ ಪಾಠ. 1952ರಲ್ಲಿ ಸಿಡಿಎನ್ ಪ್ರಾರಂಭಿಸಿದ 'ದಿ ಲಿಟರರಿ ಕ್ರೈಟೀರಿಯನ್' ಪತ್ರಿಕೆ ಮೈಸೂರಿನ ಹೆಸರನ್ನು ದೂರದ ವಿಶ್ವವಿದ್ಯಾನಿಲಯಗಳಿಗೂ ಮುಟ್ಟಿಸಿತು. ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದನ್ನು, ಅಮೆರಿಕ, ಆಸ್ಟ್ರೇಲಿಯಗಳ ಸಾಹಿತ್ಯವನ್ನು ಗಂಭೀರವಾಗಿ ಪಾಠಕ್ಕೆ ತಂದವರಲ್ಲಿ ಅವರು ಮೊದಲಿಗರು. ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿದ್ದ ನಾರಾಯಣರು ಪಠ್ಯಕ್ರಮದ ಒಳಗೆ ಬಂದದ್ದು ಇಂಥವರ ಪ್ರಯತ್ನದಿಂದ. 1979ರಲ್ಲಿ ಅವರು ಮೈಸೂರಿನಲ್ಲಿ ಕಟ್ಟಿದ ಅಧ್ಯಯನ ಕೇಂದ್ರಕ್ಕೆ ಇಟ್ಟ ಹೆಸರು ಆನಂದವರ್ಧನನ ಗ್ರಂಥದ್ದು: ಧ್ವನ್ಯಾಲೋಕ.

ಆ ಹೊತ್ತಿನ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ನೆನೆದರೆ ಸಾಕು. ಎ.ಕೆ. ರಾಮಾನುಜನ್ ಮೊದಲು ವಿಜ್ಞಾನ ಆರಿಸಿಕೊಂಡಿದ್ದರು. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೇ ಮಗನಿಗೆ ಗಣಿತದ ಬುದ್ಧಿಯಿಲ್ಲವೆಂದು ಕಂಡು ಇಂಗ್ಲಿಷಿನತ್ತ ತಿರುಗಿಸಿದರು. 1949ರಲ್ಲಿ ಆನರ್ಸ್ ಮುಗಿಸಿದ ರಾಮಾನುಜನ್ನರ ಮನೆಯಲ್ಲಿ ಮಹಡಿಯ ಮೇಲೆ ತಂದೆಯ ಓದುಕೋಣೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಈ ಮೂರು ಭಾಷೆಗಳನ್ನೂ ಹೊತ್ತು ಷಿಕಾಗೋ ತಲುಪಿದ ಅವರು 1973ರಲ್ಲಿ ಪ್ರಕಟಿಸಿದ 'ಸ್ಪೀಕಿಂಗ್ ಆಫ್ ಶಿವ' ವಚನಕಾರರನ್ನು ಪ್ರಪಂಚಕ್ಕೆ ಪರಿಚಯಿಸಿತು. ಬಿಎಂಶ್ರೀ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರೆ, ಎರಡು ತಲೆಮಾರು ಕಳೆದು ಅದೇ ಕಾಲೇಜಿನ ವಿದ್ಯಾರ್ಥಿ ಕನ್ನಡದ ಸಾಲವನ್ನು ಬಡ್ಡಿಸಹಿತ ತೀರಿಸಿದಂತಾಯಿತು.

ಎರಡನೆಯವರು ಯು.ಆರ್. ಅನಂತಮೂರ್ತಿ. ಮೇಳಿಗೆಯ ಅಗ್ರಹಾರದಿಂದ ಬಂದು ಮೈಸೂರಿನಲ್ಲಿ ಇಂಗ್ಲಿಷ್ ಓದಿ, ಅಲ್ಲಿಯೇ ಪಾಠ ಹೇಳಿ, 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಮಧ್ಯಯುಗದ ಯೂರೋಪಿನ ಪ್ಲೇಗು ಮಲೆನಾಡಿನ ಅಗ್ರಹಾರದ ಪ್ಲೇಗನ್ನು ನೆನಪಿಗೆ ತಂದಿತು. ಇಂಗ್ಲಿಷಿನಲ್ಲಿ ಪಿಎಚ್.ಡಿ. ಪ್ರಬಂಧ ಬರೆಯಬೇಕಾಗಿದ್ದವರು ಕನ್ನಡದಲ್ಲಿ 'ಸಂಸ್ಕಾರ' ಬರೆದರು. ಅದು ಪ್ರಕಟವಾದದ್ದು 1965ರಲ್ಲಿ, ಪಿಎಚ್.ಡಿ. ಬಂದದ್ದು 1966ರಲ್ಲಿ. 1976ರಲ್ಲಿ ಆ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್.

ನವ್ಯ ಸಾಹಿತ್ಯವೇ ಬಹುಪಾಲು ಇಂಗ್ಲಿಷ್ ಮೇಷ್ಟರುಗಳ ಚಳವಳಿ ಎಂದು ಹಾಸ್ಯ ಮಾಡುವವರಿದ್ದರು. ಹಾಸ್ಯದಲ್ಲಿ ಸತ್ಯವಿತ್ತು. ಗೋಪಾಲಕೃಷ್ಣ ಅಡಿಗ, ಪಿ. ಲಂಕೇಶ್, ಶಾಂತಿನಾಥ ದೇಸಾಯಿ, ಚಂದ್ರಶೇಖರ ಪಾಟೀಲ, ಜಿ.ಎಸ್. ಆಮೂರ ಎಲ್ಲರೂ ಇಂಗ್ಲಿಷ್ ಅಧ್ಯಾಪಕರು. ಸಾಗರ, ಉಡುಪಿ, ಧಾರವಾಡಗಳ ಕಾಲೇಜುಗಳಲ್ಲಿ ಎಲಿಯಟ್, ಯೇಟ್ಸರ ಪಾಠ ಮುಗಿಸಿ ಬಂದು ಕನ್ನಡದಲ್ಲಿ ಜಗಳವಾಡಿದವರು.

ಬಾಗಿಲ ಹೊರಗೆ ನಿಂತವರು

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಗೆದ್ದವರ ಕಥೆ ಮಾತ್ರವಾದೀತು. ಇಂಗ್ಲಿಷ್ ಎಂಬ ಹೊಸ್ತಿಲನ್ನು ದಾಟಲಾಗದೆ ಹಿಂದಿರುಗಿದವರ ಲೆಕ್ಕ ಯಾರಿಟ್ಟರು? ಗಣಿತ, ಚರಿತ್ರೆಗಳಲ್ಲಿ ಚೆನ್ನಾಗಿ ಬರೆದೂ ಇಂಗ್ಲಿಷಿನಲ್ಲಿ ಕೆಲವು ಅಂಕ ಕಡಿಮೆಯಾಗಿ ಇಡೀ ಪರೀಕ್ಷೆಯೇ ಹೋಯಿತೆಂದು ಊರಿಗೆ ಮರಳಿ ನೇಗಿಲು ಹಿಡಿದವರು ಹಳ್ಳಿಹಳ್ಳಿಯಲ್ಲೂ ಇದ್ದರು. ನಾರಾಯಣರಿಗೆ ಒಂದು ವರ್ಷ ಮನೆಯಲ್ಲಿ ಕುಳಿತು ಓದುವ ಅವಕಾಶವಿತ್ತು, ತಂದೆಯ ಗ್ರಂಥಾಲಯವಿತ್ತು. ಎರಡೂ ಇಲ್ಲದವರಿಗೆ ನಪಾಸು ಎಂದರೆ ಕೊನೆ.

ಮೊದಲ ತಲೆಮಾರುಗಳಲ್ಲಿ ಇಂಗ್ಲಿಷ್ ಪದವಿಯ ಫಲ ಉಂಡವರಲ್ಲಿ ಬ್ರಾಹ್ಮಣರೇ ಹೆಚ್ಚು. ಮೈಸೂರು ಸರ್ಕಾರದ ನೌಕರಿಗಳಲ್ಲಿ ಉಳಿದ ಜಾತಿಗಳ ಪಾಲು ತೀರ ಕಡಿಮೆಯಿದೆ ಎಂಬ ಕೂಗಿನಿಂದಲೇ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಮೀಸಲಾತಿಯ ಆಜ್ಞೆ 1921ರಲ್ಲಿ ಹೊರಬಿತ್ತು. ವಿಶ್ವವಿದ್ಯಾನಿಲಯದ ಬಾಗಿಲು ತೆರೆದದ್ದೂ ಆ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ ಎದ್ದದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ.

ಆ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಕೇಳಿಬಂದದ್ದು 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿಯೇ. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಇಂಗ್ಲಿಷ್ ಕಲಿಯಿರಿ ಎಂಬುದು ಅವರ ಇಂಗಿತ. ರಾಜ್ಯದಲ್ಲಿ ಗಲಭೆಯೆದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಆ ಬೆಂಕಿಯಿಂದಲೇ ದಲಿತ ಚಳವಳಿ, ದಲಿತ ಸಾಹಿತ್ಯ ಕಾವು ಪಡೆದವು ಎಂಬುದು ಈಗ ಚರಿತ್ರೆ. ಇಂಗ್ಲಿಷನ್ನು ಈಗಾಗಲೇ ದಕ್ಕಿಸಿಕೊಂಡವರು ಕನ್ನಡಕ್ಕೆ ಮರಳುವುದು ಒಂದು ಬಗೆಯ ಸ್ವಾತಂತ್ರ್ಯ. ಅದು ದಕ್ಕದೆ ಉಳಿದವರಿಗೆ ಕನ್ನಡವೇ ಸಾಕು ಎಂದು ಹೇಳುವುದು ಬೇರೆ ಮಾತು. ಬಸವಲಿಂಗಪ್ಪನವರ ಒರಟು ಮಾತಿನ ಹಿಂದಿದ್ದ ಈ ವ್ಯತ್ಯಾಸವನ್ನು ಅಂದು ಗುರುತಿಸಿದವರು ಕಡಿಮೆ.

ಎಂಟು ವರ್ಷಗಳ ನಂತರ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ವಿ.ಕೃ. ಗೋಕಾಕ್. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ, ಬಾಳಿನ ಬಹುಭಾಗ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಆ ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯ ಮುಂಚೂಣಿಯಲ್ಲಿ ನಿಂತ ಬರಹಗಾರರಲ್ಲಿ ಧಾರವಾಡದ ಇಂಗ್ಲಿಷ್ ಮೇಷ್ಟರು ಚಂದ್ರಶೇಖರ ಪಾಟೀಲರೂ ಒಬ್ಬರು. ಬಿಎಂಶ್ರೀ 1911ರಲ್ಲಿ ಮೈಸೂರಿನಿಂದ ಧಾರವಾಡಕ್ಕೆ ಹೋಗಿ ಆಡಿದ ಮಾತು ಎಪ್ಪತ್ತು ವರ್ಷಗಳ ಮೇಲೆ ಧಾರವಾಡದಿಂದ ರಾಜ್ಯವೆಲ್ಲ ಹಬ್ಬಿತು.

ಉಳಿದಿರುವುದೇನು?

ಕುವೆಂಪು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆ ವಿಶ್ವವಿದ್ಯಾನಿಲಯದಲ್ಲಿಯೇ ಓದಿ ಆ ಪದವಿಗೇರಿದವರಲ್ಲಿ ಅವರು ಮೊದಲಿಗರು. ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿಕೊಟ್ಟು, 1960ರಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿ ನಿವೃತ್ತರಾದರು. ಸ್ನಾತಕೋತ್ತರ ವಿಭಾಗಗಳು ಹೊಸ ಆವರಣಕ್ಕೆ ಹೋದವು. ವಿಷಯಗಳು ಹೆಚ್ಚಿದವು, ವಿದ್ಯಾರ್ಥಿಗಳು ಹೆಚ್ಚಿದರು. ಧಾರವಾಡ, ಬೆಂಗಳೂರು, ಮಂಗಳೂರು, ಗುಲ್ಬರ್ಗಗಳಲ್ಲಿ ಹೊಸ ವಿಶ್ವವಿದ್ಯಾನಿಲಯಗಳಾದವು. 1987ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಕುವೆಂಪು ಹೆಸರು. ಅದರ ಮೊದಲ ಕುಲಪತಿ ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡ ಕಾದಂಬರಿಕಾರ ಶಾಂತಿನಾಥ ದೇಸಾಯಿ.

ಕನ್ನಡಕ್ಕೆ ಈವರೆಗೆ ಬಂದಿರುವ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಮೂರು ಇಂಗ್ಲಿಷ್ ಎಂ.ಎ. ಪದವೀಧರರಿಗೆ ಸಂದಿವೆ: ಮಾಸ್ತಿ, ಗೋಕಾಕ್, ಅನಂತಮೂರ್ತಿ. ಇದನ್ನು ಇಂಗ್ಲಿಷ್ ವಿದ್ಯೆಯ ಹೆಗ್ಗಳಿಕೆ ಎಂದು ಕೊಂಡಾಡಬೇಕಾಗಿಲ್ಲ. ಒಳ್ಳೆಯ ಓದುಗರಿಗೆ ಅಂದು ಇದ್ದ ದೊಡ್ಡ ದಾರಿ ಅದೊಂದೇ ಆಗಿತ್ತು ಎಂಬುದೂ ಅಷ್ಟೇ ನಿಜ. ಆದರೆ ಆ ದಾರಿಯಲ್ಲಿ ಹೋದವರು ತಿರುಗಿ ಬಂದರು ಎಂಬುದು ಗಮನಿಸಬೇಕಾದದ್ದು. ಬರುವಾಗ ಬರಿಗೈಯಲ್ಲಿ ಬರಲಿಲ್ಲ.

ಇಂದು ದೇಶದ ಅನೇಕ ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ತರಗತಿಗಳಲ್ಲಿ 'ಸಂಸ್ಕಾರ' ಪಾಠವಾಗುತ್ತದೆ. ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ರಾಮಾನುಜನ್ನರ ಇಂಗ್ಲಿಷಿನಲ್ಲಿ ಓದಲ್ಪಡುತ್ತವೆ. ಪಾಲ್‌ಗ್ರೇವನ ಸಂಕಲನವಿದ್ದ ಜಾಗಕ್ಕೆ ಕನ್ನಡದ ವಚನ ಬಂದು ಕುಳಿತಿದೆ. ಆದರೆ ಆ ತರಗತಿಯಲ್ಲಿ ಕೂತಿರುವ ಕನ್ನಡದ ಹುಡುಗ ಹುಡುಗಿಯರಲ್ಲಿ ಆ ವಚನಗಳನ್ನು ಮೂಲದಲ್ಲಿ ಓದಬಲ್ಲವರು ಎಷ್ಟು ಮಂದಿ? ಇಂಗ್ಲಿಷಿನ ಬಾಗಿಲು ಮುಚ್ಚಿತ್ತೆಂದು ಒಂದು ತಲೆಮಾರು ನೊಂದಿತು. ಮನೆಯ ಬಾಗಿಲೇ ಮುಚ್ಚಿಹೋದರೆ ಮುಂದಿನ ಬಿಎಂಶ್ರೀ ಹೊರಗಿನಿಂದ ತಂದದ್ದನ್ನು ಎಲ್ಲಿ ಇಳಿಸಬೇಕು? ಒಂದು ಸಣ್ಣ ವಿಶ್ವವಿದ್ಯಾನಿಲಯದಲ್ಲಿ ಎರಡೂ ಬಾಗಿಲುಗಳು ಕೆಲವರಿಗಾದರೂ ಏಕಕಾಲಕ್ಕೆ ತೆರೆದಿದ್ದ ಕಾಲವೊಂದಿತ್ತು. ಅವು ಎಲ್ಲರಿಗೂ ತೆರೆಯುವ ಕಾಲ ಇನ್ನೂ ಬರಬೇಕಾಗಿದೆ.